ಬಿ.ಪಿ. ಸರಿಯಾಗಿಯೇ ಇತ್ತು, ಮಿದುಳಲ್ಲಿ ರಕ್ತ ಸೋರಿದ್ದು ಯಾಕೆ?

ಪ್ರಶ್ನೆ: ನಮ್ಮ ಮಾವನವರಿಗೆ 77 ವರ್ಷ. ಅಡಿಕೆ ತೋಟ ನೋಡಿಕೊಂಡು ಗಟ್ಟಿಮುಟ್ಟಾಗಿದ್ದರು. ಎರಡು ತಿಂಗಳ ಹಿಂದೆ ಒಂದು ಬೆಳಿಗ್ಗೆ ತಲೆನೋವು ಅಂದರು. ಒಳಗೆ ಬರುವಾಗ ಎಡಗಡೆಯ ಬಾಗಿಲ ಚೌಕಟ್ಟಿಗೆ ಭುಜ ಬಡಿಸಿಕೊಂಡರು. ಮಧ್ಯಾಹ್ನ ಊಟಕ್ಕೆ ಕೂತಾಗ ಎಲೆಯ ಬಲಗಡೆ ಇದ್ದ ಪಲ್ಯ ತಿಂದರು. ಎಡಗಡೆಯ ಕೋಸಂಬರಿ, ಉಪ್ಪಿನಕಾಯಿ ಹಾಗೇ ಇತ್ತು. "ಇವತ್ತು ಉಪ್ಪಿನಕಾಯಿ ಹಾಕಿಲ್ವಾ?" ಅಂತ ಬೇರೆ ಕೇಳಿದರು. ಆಗ ಗಾಬರಿಯಾಗಿ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಮಿದುಳಿನ ಬಲಭಾಗದಲ್ಲಿ, ಹಿಂದುಗಡೆ ರಕ್ತ ಸೋರಿದೆ ಅಂದರು. ಎಂ.ಆರ್.ಐ.ಯಲ್ಲಿ ಹನ್ನೊಂದು ಹಳೆಯ ಕಪ್ಪು ಚುಕ್ಕೆಗಳೂ ಕಂಡವಂತೆ. ಕಾಯಿಲೆಯ ಹೆಸರು ಅಮೈಲಾಯ್ಡ್ ಆಂಜಿಯೋಪತಿ. ಅವರ ಬಿ.ಪಿ. ಯಾವಾಗಲೂ 130ರ ಆಸುಪಾಸಿನಲ್ಲೇ ಇತ್ತು. ಆದರೂ ನಾನು ಹಾಕುವ ಅಪ್ಪೆಮಿಡಿ ಉಪ್ಪಿನಕಾಯಿಯಿಂದಲೇ ಹೀಗಾಯಿತು ಅಂತ ನೆಂಟರೆಲ್ಲ ಹೇಳುತ್ತಿದ್ದಾರೆ. ಅಮೈಲಾಯ್ಡ್ ಅಂದರೆ ಪಿಷ್ಟ ಅಂತ ಮಗ ಮೊಬೈಲಿನಲ್ಲಿ ಓದಿದ. ಅನ್ನ ಬಿಡಿಸಬೇಕಾ? ಆರು ವರ್ಷದಿಂದ ತೆಗೆದುಕೊಳ್ಳುತ್ತಿದ್ದ ಆಸ್ಪಿರಿನ್ ಮಾತ್ರೆಯನ್ನೂ ನಿಲ್ಲಿಸಿದ್ದಾರೆ. ಹಾರ್ಟ್ ಅಟ್ಯಾಕ್ ಆದರೆ ಏನು ಗತಿ ಅಂತ ಭಯ.
– ಓದುಗರು, ಸಾಗರ

ಉತ್ತರ: ಮೊದಲು ಉಪ್ಪಿನಕಾಯಿಯ ವಿಷಯ ಮುಗಿಸೋಣ. ನೋಡಿಯಮ್ಮಾ, ಇದು ನಿಮ್ಮ ಅಡುಗೆಯಿಂದ ಬಂದ ಕಾಯಿಲೆ ಅಲ್ಲ. ಈ ಪುಟವನ್ನು ನೆಂಟರಿಗೆ ಓದಿಸಿ.

ನಿಮ್ಮ ತೋಟದಲ್ಲಿ ನೀರಿನ ಪೈಪ್ ಇರುತ್ತದೆ, ಅಲ್ವಾ? ಅದು ಎರಡು ಥರ ಒಡೆಯುತ್ತದೆ. ಮೋಟಾರಿನ ಒತ್ತಡ ಜಾಸ್ತಿಯಾದರೆ ಒಡೆಯುತ್ತದೆ. ಹತ್ತಾರು ಬೇಸಿಗೆಯ ಬಿಸಿಲು ತಿಂದು ಪೈಪೇ ಪೆಡಸಾದರೆ, ಒತ್ತಡ ಎಷ್ಟಿರಬೇಕೋ ಅಷ್ಟೇ ಇದ್ದರೂ ಸೀಳು ಬಿಡುತ್ತದೆ. ಬಿ.ಪಿ.ಯಿಂದ ಆಗುವ ರಕ್ತಸ್ರಾವ ಮೊದಲನೆಯ ಥರ. ಅದು ಹೆಚ್ಚಾಗಿ ಮಿದುಳಿನ ಆಳದಲ್ಲಿ ಆಗುತ್ತದೆ. ನಿಮ್ಮ ಮಾವನವರದು ಎರಡನೆಯ ಥರ. ಇದು ಮಿದುಳಿನ ಮೇಲ್ಪದರದ ಹತ್ತಿರ, ಅದರಲ್ಲೂ ಹಿಂಭಾಗದಲ್ಲಿ ಜಾಸ್ತಿ. ಬಲಗಡೆಯ ಹಿಂಭಾಗ ಕೆಟ್ಟರೆ ಎಡಗಡೆಯ ಲೋಕವೇ ಕಾಣದಂತಾಗುತ್ತದೆ. ಅವರು ಉಪ್ಪಿನಕಾಯಿ ಕೇಳಿದ್ದು ಅದಕ್ಕೇ. ಎಲೆಯ ಮೇಲೆ ಇತ್ತು, ಅವರಿಗೆ ಕಾಣಲಿಲ್ಲ.

ಪೈಪ್ ಪೆಡಸಾಗುವುದು ಹೇಗೆ? ಬೀಟಾ ಅಮೈಲಾಯ್ಡ್ ಅನ್ನುವ ಒಂದು ಪ್ರೋಟೀನ್ ತುಣುಕು ನಮ್ಮೆಲ್ಲರ ಮಿದುಳಲ್ಲೂ ದಿನವೂ ತಯಾರಾಗುತ್ತದೆ. ರಕ್ತನಾಳಗಳ ಗೋಡೆಯ ಗುಂಟ ಅದು ಹೊರಗೆ ಹೋಗುತ್ತಲೂ ಇರುತ್ತದೆ. ವಯಸ್ಸಾದ ಹಾಗೆ ಈ ಹರಿವು ನಿಧಾನವಾಗುತ್ತದೆ. ಕೆಲವರಲ್ಲಿ ಆ ತುಣುಕುಗಳು ಗೋಡೆಯಲ್ಲೇ ಅಂಟಿಕೊಂಡು ಕೂರುತ್ತವೆ. ಗೋಡೆಯಲ್ಲಿರುವ ಸ್ನಾಯುವಿನ ಕಣಗಳು ಸಾಯುತ್ತವೆ. ಉಳಿಯುವುದು ಪೆಡಸು ನಾಳ. ಸೂಜಿಮೊನೆಯಷ್ಟು ಸೋರಿದರೆ ಎಂ.ಆರ್.ಐ.ಯಲ್ಲಿ ಕಪ್ಪು ಚುಕ್ಕೆ. ಅದು ಗೊತ್ತೂ ಆಗುವುದಿಲ್ಲ. ದೊಡ್ಡದಾಗಿ ಸೋರಿದರೆ ಸ್ಟ್ರೋಕ್.

ಹೆಸರಿನ ಗೊಂದಲಕ್ಕೂ ಕಾರಣ ಇದೆ. 1854ರಲ್ಲಿ ಜರ್ಮನಿಯ ವೈದ್ಯ ರುಡಾಲ್ಫ್ ವಿರ್ಶೋ ಇಂಥ ಅಂಟನ್ನು ಅಯೋಡಿನ್ ಹಾಕಿ ನೋಡಿದರು. ಪಿಷ್ಟಕ್ಕೆ ಹಾಕಿದಾಗ ಆಗುವಂತೆಯೇ ಬಣ್ಣ ತಿರುಗಿತು. ಅದಕ್ಕೆ ಅಮೈಲಾಯ್ಡ್ ಅಂತ ಕರೆದರು. ಅದು ಪ್ರೋಟೀನ್ ಅಂತ ಆಮೇಲೆ ತಿಳಿಯಿತು, ಹೆಸರು ಮಾತ್ರ ಹಾಗೇ ಉಳಿಯಿತು. ಅನ್ನಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ಹೊಟ್ಟೆ ತುಂಬ ಊಟ ಹಾಕಿ.

ಇನ್ನು ಆಸ್ಪಿರಿನ್. ಇದರ ಬಗ್ಗೆ ಬರೆಯುವಾಗ ನನಗೆ ನನ್ನ ಅಮ್ಮ ನೆನಪಾಗುತ್ತಾಳೆ. 2014ರ ಮಾತು, ಅವಳಿಗೆ ಆಗ 79. ಒಂದು ಸಂಜೆ ಮೊರದಲ್ಲಿ ಅಕ್ಕಿ ಆರಿಸುತ್ತಾ ಕೂತಿದ್ದವಳು ಕೈ ನಿಲ್ಲಿಸಿದಳು. ಬಲಗೈಯ ಕಿರುಬೆರಳಲ್ಲಿ ಜೋಮು ಶುರುವಾಗಿತ್ತು. ಅದು ಉಳಿದ ಬೆರಳುಗಳಿಗೆ, ಅಂಗೈಗೆ, ಮೊಳಕೈಗೆ ಹತ್ತಿತು. ಕೊನೆಗೆ ತುಟಿಯ ಬಲಮೂಲೆಗೆ ಬಂತು. "ಇರುವೆ ಸಾಲು ಹೋದ ಹಾಗೆ ಹೋಗ್ತಿದೆ ಕಣೋ" ಅಂದಳು. ಹತ್ತು ನಿಮಿಷದಲ್ಲಿ ಎಲ್ಲ ಸರಿಹೋಯಿತು, ಮತ್ತೆ ಅಕ್ಕಿ ಆರಿಸಿದಳು. ಆ ವಾರದಲ್ಲೇ ಇನ್ನೆರಡು ಸಲ ಹಾಗೇ ಆಯಿತು. ನಾನು ಮೂವತ್ತು ವರ್ಷ ಫಿಸಿಷಿಯನ್ ಆಗಿದ್ದವನು. ಸಣ್ಣ ಸ್ಟ್ರೋಕಿನ ಮುನ್ಸೂಚನೆ ಅಂದುಕೊಂಡೆ. ಸ್ಕ್ಯಾನ್ ಮಾಡಿಸದೆ ನನ್ನ ಕೈಯಾರೆ ಆಸ್ಪಿರಿನ್ ಶುರು ಮಾಡಿದೆ. ಮೂರು ವಾರಕ್ಕೆ ಅಮ್ಮನಿಗೆ ಮಿದುಳಲ್ಲಿ ರಕ್ತ ಸೋರಿತು.

ಮಾತ್ರೆಯಿಂದಲೇ ಸೋರಿತು ಅಂತ ಯಾರೂ ಖಚಿತವಾಗಿ ಹೇಳಲಾರರು. ಆ ನಾಳ ಹೇಗೂ ಸೋರುವುದಿತ್ತೇನೋ. ಆದರೆ ಆ ಇರುವೆ ಸಾಲು ಏನು ಅಂತ ನನಗೆ ಆಗ ಹೊಳೆದಿದ್ದರೆ ಮಾತ್ರೆ ಕೊಡುತ್ತಿರಲಿಲ್ಲ. ರಕ್ತ ಹೆಪ್ಪುಗಟ್ಟಿ ಆಗುವ ಸಣ್ಣ ಸ್ಟ್ರೋಕಿನಲ್ಲಿ ಸಾಮಾನ್ಯವಾಗಿ ಕೈ, ಮುಖ ಎಲ್ಲ ಒಂದೇ ಏಟಿಗೆ ಸೋಲುತ್ತದೆ. ಅಮೈಲಾಯ್ಡ್ ಕಾಯಿಲೆಯಲ್ಲಿ ಜೋಮು ನಿಧಾನವಾಗಿ, ನಿಮಿಷಗಳ ಲೆಕ್ಕದಲ್ಲಿ ಹರಡುತ್ತದೆ. ಮತ್ತೆ ಮತ್ತೆ ಅದೇ ದಾರಿಯಲ್ಲೇ ಬರುತ್ತದೆ. ಮೇಲ್ಪದರದಲ್ಲಿ ತೆಳುವಾಗಿ ರಕ್ತ ಒಸರಿದಾಗ ಹೀಗಾಗುವುದುಂಟು. ಓದುಗರೆಲ್ಲ ಇದನ್ನು ದಯವಿಟ್ಟು ನೆನಪಿಡಿ. ಹಿರಿಯರಿಗೆ ಹೀಗಾದರೆ ಅವತ್ತೇ ಆಸ್ಪತ್ರೆಗೆ ಹೋಗಿ, ರಕ್ತದ ಚುಕ್ಕೆ ತೋರಿಸುವ ಎಂ.ಆರ್.ಐ. ಬೇಕಾ ಅಂತ ಕೇಳಿ. ಎಸ್‌.ಡಬ್ಲ್ಯೂ.ಐ. ಅಂದರೆ ವೈದ್ಯರಿಗೆ ಗೊತ್ತಾಗುತ್ತದೆ. ಸಾಮಾನ್ಯ ಸಿ.ಟಿ.ಯಲ್ಲಿ ಆ ಚುಕ್ಕೆಗಳು ಕಾಣುವುದಿಲ್ಲ. ಮುಖ ಸೊಟ್ಟಗಾಗಿ, ಕೈ ಬಿದ್ದುಹೋದಾಗ ಕೆಲವರು ಮನೆಯಲ್ಲೇ ಆಸ್ಪಿರಿನ್ ಕೊಟ್ಟುಬಿಡುತ್ತಾರೆ. ಹಾಗೆ ಮಾಡಲೇಬೇಡಿ. ಒಳಗೆ ಹೆಪ್ಪುಗಟ್ಟಿದೆಯೋ, ಸೋರಿದೆಯೋ ಅಂತ ಸ್ಕ್ಯಾನ್ ಇಲ್ಲದೆ ಯಾರಿಗೂ ಹೇಳಲಾಗದು. ತಡ ಮಾಡದೆ 108ಕ್ಕೆ ಫೋನ್ ಮಾಡಿ.

ನಿಮ್ಮ ಮಾವನವರಿಗೆ ಹಿಂದೆ ಹಾರ್ಟ್ ಅಟ್ಯಾಕ್ ಆಗಿತ್ತು, ಸ್ಟೆಂಟ್ ಹಾಕಿದ್ದಾರೆ ಅಂತ ನೀವು ಬರೆದಿಲ್ಲ. "ರಕ್ತ ತೆಳುವಾಗಿರಲಿ" ಅಂತ ಸುಮ್ನೆ ಶುರುವಾದ ಮಾತ್ರೆಯೇ ಆಗಿದ್ದರೆ, ನಿಲ್ಲಿಸಿದ್ದಕ್ಕೆ ಹೆದರಬೇಡಿ. ಹೃದಯದ ಕಾಯಿಲೆ ಇಲ್ಲದ, 19,000ಕ್ಕೂ ಹೆಚ್ಚು ಹಿರಿಯರ ಮೇಲೆ ಆಸ್ಟ್ರೇಲಿಯಾ ಮತ್ತು ಅಮೆರಿಕದಲ್ಲಿ ಒಂದು ದೊಡ್ಡ ಅಧ್ಯಯನ ನಡೆಯಿತು. ಫಲಿತಾಂಶ 2018ರಲ್ಲಿ ಬಂತು. ದಿನಾ 100 ಮಿಲಿಗ್ರಾಂ ಆಸ್ಪಿರಿನ್ ತೆಗೆದುಕೊಂಡವರಿಗೆ ಹೇಳಿಕೊಳ್ಳುವಂಥ ಲಾಭ ಆಗಲಿಲ್ಲ. ರಕ್ತಸ್ರಾವ ಮಾತ್ರ ಜಾಸ್ತಿಯಾಯಿತು. ಸ್ಟೆಂಟ್ ಇದ್ದವರ ಲೆಕ್ಕ ಬೇರೆ, ಅವರು ಇದನ್ನು ಓದಿ ಮಾತ್ರೆ ಬಿಡಬಾರದು.

ನಾಳದಲ್ಲಿ ಅಂಟಿದ ಅಮೈಲಾಯ್ಡ್ ಕರಗಿಸುವ ಔಷಧಿ ಸದ್ಯಕ್ಕೆ ಇಲ್ಲ. ಇನ್ನೊಮ್ಮೆ ಸೋರುವ ಸಾಧ್ಯತೆಯೂ ಇದೆ. ಒಮ್ಮೆ ಸೋರಿದ ನೂರು ಜನರಲ್ಲಿ ವರ್ಷಕ್ಕೆ ಸುಮಾರು ಏಳು ಜನರಿಗೆ ಮರುಕಳಿಸುತ್ತದೆ. ನಿಮ್ಮ ಕೈಯಲ್ಲಿರುವುದು ಬಿ.ಪಿ. ಪೈಪ್ ಪೆಡಸಾಗಿದ್ದರೆ ಮೋಟಾರನ್ನು ಇನ್ನೂ ಮೆಲ್ಲಗೆ ಓಡಿಸಬೇಕು, ಅಲ್ವಾ? ಬಿ.ಪಿ. ಇಳಿಸಿದರೆ ಅಮೈಲಾಯ್ಡ್‌ನಿಂದ ಆಗುವ ರಕ್ತಸ್ರಾವವೂ ಕಡಿಮೆಯಾಗುತ್ತದೆ ಅಂತ ಅಧ್ಯಯನದಲ್ಲಿ ಕಂಡಿದೆ. 130/80 ಮೀರದಂತೆ ನೋಡಿಕೊಳ್ಳಿ. ಮನೆಯಲ್ಲೊಂದು ಬಿ.ಪಿ. ಮಿಷನ್ ಇಟ್ಟು ಪುಸ್ತಕದಲ್ಲಿ ಬರೆದಿಡಿ. ಉಪ್ಪಿನಕಾಯಿಯಿಂದ ಕಾಯಿಲೆ ಬರಲಿಲ್ಲ ಅಂದೆ. ಆದರೆ ಇನ್ನು ಮುಂದೆ ಬಿ.ಪಿ. ಹಿಡಿತಕ್ಕೆ ಉಪ್ಪು ಕಡಿಮೆ ಇದ್ದರೆ ಒಳ್ಳೆಯದು. ಊಟಕ್ಕೊಂದು ಚೂರು ಸಾಕು.

ಮಂಡಿನೋವಿಗೆ ಅಂಗಡಿಯಿಂದ ಡೈಕ್ಲೋಫೆನಾಕ್, ಐಬುಪ್ರೊಫೆನ್ ತಂದು ನುಂಗಿಸಬೇಡಿ. ಪ್ಯಾರಾಸಿಟಮಾಲ್ ಆಗಬಹುದು. ಬಿ.ಪಿ. ಪುಸ್ತಕದ ಮೊದಲ ಪುಟದಲ್ಲಿ ದೊಡ್ಡದಾಗಿ ಬರೆಯಿರಿ: "ಅಮೈಲಾಯ್ಡ್ ಆಂಜಿಯೋಪತಿ ಇದೆ, ಮಿದುಳಲ್ಲಿ ರಕ್ತ ಸೋರಿತ್ತು." ಯಾವ ಡಾಕ್ಟರ ಹತ್ತಿರ ಹೋದರೂ ಮೊದಲು ಅದನ್ನೇ ತೋರಿಸಿ.

ಇನ್ನೊಂದು ಮಾತು. ಊಟಕ್ಕೆ ಕೂತಾಗ ಎಲೆಯ ಎಡತುದಿಗೆ ಒಂದು ಕೆಂಪು ಲೋಟ ಇಡಿ. ಅದು ಕಾಣುವವರೆಗೆ ತಲೆ ಎಡಕ್ಕೆ ತಿರುಗಿಸಲು ಹೇಳಿ. ದಿನಾ ಮಾಡಿದರೆ ಎಡಗಡೆ ನೋಡುವ ಅಭ್ಯಾಸ ಮೆಲ್ಲಗೆ ಬರುತ್ತದೆ. ಅಮ್ಮನಿಗೆ ಮಾತು ಹೋಗಿತ್ತು. ಎಂಟು ತಿಂಗಳು ಹಿಡಿಯಿತು, ಆದರೆ ಮೊಮ್ಮಕ್ಕಳ ಹೆಸರು ಹಿಡಿದು ಕರೆಯುವಷ್ಟು ಬಂತು.

ಪ್ರಶ್ನೆ: ನಮ್ಮ ಯಜಮಾನರಿಗೆ ಎದೆಬಡಿತ ಏರುಪೇರು. ರಕ್ತ ಹೆಪ್ಪುಗಟ್ಟದಿರುವ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ. ಈಗ ಮಿದುಳಲ್ಲಿ ಇಂಥದೇ ಚುಕ್ಕೆ ಕಂಡಿವೆ. ಮಾತ್ರೆ ನಿಲ್ಲಿಸಲಾ?
– ಓದುಗರು, ಮೈಸೂರು

ಉತ್ತರ: ನೀವಾಗಿ ನಿಲ್ಲಿಸಬೇಡಿ. ಒಂದು ಕಡೆ ಸೋರುವ ಭಯ, ಇನ್ನೊಂದು ಕಡೆ ಹೃದಯದಲ್ಲಿ ಹೆಪ್ಪುಗಟ್ಟಿ ಮಿದುಳಿಗೆ ಹೋಗುವ ಭಯ. ಹೃದಯದ ಡಾಕ್ಟರು, ನರರೋಗದ ಡಾಕ್ಟರು ಇಬ್ಬರೂ ಒಟ್ಟಿಗೆ ಮಾತಾಡಿ ತೀರ್ಮಾನಿಸಬೇಕು. ಮಾತಾಡಿಸುವ ಕೆಲಸ ನಿಮ್ಮದೇ. ಇಬ್ಬರ ಚೀಟಿಯನ್ನೂ ಇಬ್ಬರಿಗೂ ತೋರಿಸಿ. ಹೆಪ್ಪುಗಟ್ಟುವ ಜಾಗ ಹೆಚ್ಚಾಗಿ ಹೃದಯದ ಎಡಮೇಲ್ಕೋಣೆಯ ಸಣ್ಣ ಚೀಲ. ಕಾಲಿನ ರಕ್ತನಾಳದ ಮೂಲಕ ಹೋಗಿ ಅದರ ಬಾಯಿ ಮುಚ್ಚುವ ಚಿಕಿತ್ಸೆ ಇದೆ. ಅದು ನಿಮ್ಮವರಿಗೆ ಹೊಂದುತ್ತದಾ ಅಂತ ಕೇಳಿ.

ಪ್ರಶ್ನೆ: ಅಮ್ಮನಿಗೆ ಮರೆವು ಜಾಸ್ತಿಯಾಗಿದೆ, ಎಂ.ಆರ್.ಐ.ಯಲ್ಲಿ ಚುಕ್ಕೆಗಳೂ ಇವೆ. ಅಮೆರಿಕದಲ್ಲಿರುವ ತಮ್ಮ ಅಲ್ಲಿ ಅಲ್‌ಝೈಮರ್‌ಗೆ ಹೊಸ ಇಂಜೆಕ್ಷನ್ ಬಂದಿದೆ ಅಂತಾನೆ. ಮುಂದೆ ನಮಗೂ ಈ ಕಾಯಿಲೆ ಬರುತ್ತದಾ?
– ಓದುಗರು, ಬೆಂಗಳೂರು

ಉತ್ತರ: ನಿಮ್ಮ ತಮ್ಮ ಹೇಳುವುದು ಲೆಕಾನೆಮ್ಯಾಬ್ ಇರಬೇಕು. 2023ರಲ್ಲಿ ಅಮೆರಿಕದಲ್ಲಿ ಪೂರ್ಣ ಒಪ್ಪಿಗೆ ಸಿಕ್ಕಿತು. ಅದು ಮಿದುಳಿನ ಅಮೈಲಾಯ್ಡ್ ತೆಗೆಯುತ್ತದೆ ನಿಜ. ಆದರೆ ತೆಗೆಯುವಾಗ ಮಿದುಳಲ್ಲಿ ಬಾವು, ರಕ್ತ ಒಸರುವುದು ಆಗಬಹುದು. ನಾಳದ ಗೋಡೆಯಲ್ಲೇ ಅಮೈಲಾಯ್ಡ್ ಇದ್ದವರಿಗೆ ಅಪಾಯ ಜಾಸ್ತಿ. ಅದರ ಪರೀಕ್ಷೆಯ ಹಂತದಲ್ಲೇ ನಾಲ್ಕಕ್ಕಿಂತ ಹೆಚ್ಚು ಚುಕ್ಕೆ ಇದ್ದವರನ್ನು ಸೇರಿಸಿಕೊಂಡಿರಲಿಲ್ಲ. ಅಮ್ಮನಿಗೆ ಎಷ್ಟು ಚುಕ್ಕೆ ಇವೆ ಅಂತ ಮೊದಲು ರಿಪೋರ್ಟ್ ನೋಡಿ, ತಮ್ಮನಿಗೂ ಅದನ್ನೇ ಕಳಿಸಿ.

ಮರೆವು ಕೆಲವೇ ವಾರಗಳಲ್ಲಿ ಏಕಾಏಕಿ ಜಾಸ್ತಿಯಾಗಿದ್ದರೆ, ಜೊತೆಗೆ ತಲೆನೋವು, ಫಿಟ್ಸ್ ಇದ್ದರೆ ಈ ವಾರವೇ ನರರೋಗ ತಜ್ಞರಿಗೆ ತೋರಿಸಿ. ಅಮೈಲಾಯ್ಡ್ ಇರುವ ನಾಳಗಳಿಗೆ ಕೆಲವೊಮ್ಮೆ ಉರಿಯೂತ ಬರುತ್ತದೆ. ಅದು ಸ್ಟೀರಾಯ್ಡ್ ಕೊಟ್ಟರೆ ಬಹಳ ಜನರಲ್ಲಿ ಇಳಿಯುತ್ತದೆ, ತಡವಾಗಬಾರದು ಅಷ್ಟೇ.

ಮಕ್ಕಳಿಗೆ ಬರುವುದು ತೀರಾ ಅಪರೂಪ. ನೆದರ್‌ಲೆಂಡ್ಸಿನ ಕಾಟ್ವೈಕ್ ಅನ್ನುವ ಕಡಲತೀರದ ಊರಿನ ಕೆಲವು ಮನೆತನಗಳಲ್ಲಿ ಒಂದು ಜೀನ್ ದೋಷದಿಂದ ತಲೆತಲಾಂತರವಾಗಿ ಬರುತ್ತಿದೆ. ಅವರಿಗೆ ಐವತ್ತರ ಆಸುಪಾಸಿನಲ್ಲೇ ರಕ್ತ ಸೋರುತ್ತದೆ. ನಮ್ಮ ನಿಮ್ಮ ಮನೆಗಳಲ್ಲಿ ಇಳಿವಯಸ್ಸಿನಲ್ಲಿ ಕಾಣುವುದು ಹೆಚ್ಚಾಗಿ ಆ ಥರದ್ದಲ್ಲ. ಅದಕ್ಕಾಗಿ ನೀವು ಈಗಲೇ ಸ್ಕ್ಯಾನ್ ಮಾಡಿಸಿಕೊಳ್ಳುವುದು ಬೇಡ. ನಿಮ್ಮ ಬಿ.ಪಿ. ನೋಡಿಸಿಕೊಳ್ಳಿ.