ಜುಲೈಯಲ್ಲಿ ಉಡುಪಿ ಕಡೆಗೆ ಬರಬಹುದೇ?

ವಯಸ್ಸಾದ ತಂದೆತಾಯಿಯರೊಂದಿಗೆ ಜುಲೈ ಕೊನೆಯಲ್ಲಿ ಉಡುಪಿಗೆ ಬಂದರೆ ನೋಡಲು ಏನಿರುತ್ತದೆ ಎಂದು ಕೇಳಿದ್ದೀರಿ. ಧಾರಾಳವಾಗಿ ಬನ್ನಿ, ಆದರೆ ಸಮುದ್ರಸ್ನಾನದ ಆಸೆ ಬಿಟ್ಟು ಬನ್ನಿ. ಮಳೆಗಾಲದಲ್ಲಿ ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ದೋಣಿ ಹೋಗುವುದಿಲ್ಲ. ಕಂಬಳವೂ ಇಲ್ಲ, ಅದು ಶುರುವಾಗುವುದು ನವೆಂಬರ್ ಹೊತ್ತಿಗೆ. ಯಕ್ಷಗಾನ ಮೇಳಗಳ ತಿರುಗಾಟವೂ ಆಗಲೇ.

ನಾನಾದರೆ ಮೊದಲು ಮರವಂತೆಗೆ ಕರೆದೊಯ್ಯುತ್ತೇನೆ. ಹೆದ್ದಾರಿಯ ಒಂದು ಬದಿಗೆ ಕಡಲು, ಇನ್ನೊಂದು ಬದಿಗೆ ಸೌಪರ್ಣಿಕಾ ನದಿ. ಹಿರಿಯರು ಕಾರಿನಲ್ಲೇ ಕುಳಿತು ಅಲೆಗಳ ಆರ್ಭಟ ನೋಡಬಹುದು. ನೀರಿನಂಚಿಗೆ ಮಾತ್ರ ಯಾರೂ ಇಳಿಯಬೇಡಿ. ಕೃಷ್ಣಮಠ ಹೇಗೂ ಇದ್ದೇ ಇದೆ. ಆಗುಂಬೆಯ ಸೂರ್ಯಾಸ್ತ ಮೋಡದಲ್ಲಿ ಮುಚ್ಚಿಹೋಗಿರುತ್ತದೆ, ಆದರೂ ಘಾಟಿಯ ಹಸಿರಿಗಾಗಿಯೇ ಹಗಲು ಹೊತ್ತಿನಲ್ಲಿ ಹೋಗಿಬನ್ನಿ.

ಮುಖ್ಯವಾಗಿ, ಅದು ತುಳುವರ ಆಟಿ ತಿಂಗಳು, ಅಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ಮಳೆಯ ತಿಂಗಳು. ಪತ್ರೊಡೆ ತಿನ್ನದೆ ಮರಳಬೇಡಿ! ಕೆಸುವಿನ ಎಲೆಗೆ ಅಕ್ಕಿ, ಮೆಣಸು, ಹುಣಸೆ ರುಬ್ಬಿದ ಹಿಟ್ಟು ಸವರಿ, ಒಂದರ ಮೇಲೊಂದಿಟ್ಟು ಸುರುಳಿ ಸುತ್ತಿ ಹಬೆಯಲ್ಲಿ ಬೇಯಿಸುತ್ತಾರೆ. ಹುಣಸೆ ಕಡಿಮೆಯಾದರೆ ಗಂಟಲು ತುರಿಸುತ್ತದೆ. ಬೆಂದ ಸುರುಳಿಯನ್ನು ಬಿಲ್ಲೆಯಾಗಿ ಕತ್ತರಿಸಿ, ಮೇಲೆ ತೆಂಗಿನೆಣ್ಣೆ ಹಾಕಿಕೊಂಡು ಬಿಸಿಬಿಸಿ ತಿನ್ನಬೇಕು.

ಛತ್ರಿಗಿಂತ ರೈನ್‌ಕೋಟ್ ವಾಸಿ, ಗಾಳಿಗೆ ಛತ್ರಿ ನಿಲ್ಲುವುದಿಲ್ಲ.