ಐರ್ಲೆಂಡಿನಲ್ಲಿ ಹುಟ್ಟಿದ ಮಗನಿಗೆ ಯಾವ ಕೆಲ್ಟಿಕ್ ಹೆಸರು ಇಡಬಹುದು?

ನೀವು ಕೇಳಿರುವುದು ಇಷ್ಟು: ಡಬ್ಲಿನ್‌ನಲ್ಲಿದ್ದೀರಿ, ಗಂಡು ಮಗು ಹುಟ್ಟಿದೆ, ಹುಟ್ಟಿದ ನೆಲದ ಹೆಸರನ್ನೇ ಇಡುವ ಆಸೆ ಇದೆ. ಅರ್ಥ ಚೆನ್ನಾಗಿರಬೇಕು, ಊರಿನಲ್ಲಿರುವ ಅಜ್ಜಿಯ ನಾಲಿಗೆಯೂ ಹೊರಳಬೇಕು. ನಾನೂ ಇಲ್ಲೇ ಇರುವವಳು. ಈ ಹೆಸರುಗಳೆಂದರೆ ನನಗೆ ಪ್ರಾಣ. ಅದಕ್ಕೇ ಸ್ವಲ್ಪ ಉದ್ದವಾಗಿಯೇ ಉತ್ತರಿಸುತ್ತೇನೆ.

ಮೊದಲಿಗೆ, ಇಂಟರ್ನೆಟ್ಟಿನಲ್ಲಿ ಸಿಗುವ ಪಟ್ಟಿಗಳನ್ನು ಪಕ್ಕಕ್ಕಿಡಿ. ಅಲ್ಲಿ ಅರ್ಧಕ್ಕರ್ಧ ಹೆಸರುಗಳಿಗೆ ‘ವೀರ ಯೋಧ’ ಅಂತಲೇ ಅರ್ಥ ಬರೆದಿರುತ್ತಾರೆ. ‘ಕೆಲ್ಟಿಕ್’ ಅನ್ನುವುದು ಒಂದು ಭಾಷೆಯೂ ಅಲ್ಲ. ‘ದ್ರಾವಿಡ ಹೆಸರು ಹೇಳಿ’ ಎಂದು ಯಾರಾದರೂ ಕೇಳಿದರೆ ಕನ್ನಡದ್ದೋ ತಮಿಳಿನದೋ ಎಂದು ನಾವು ತಿರುಗಿ ಕೇಳುತ್ತೇವೆ ಅಲ್ವಾ, ಇಲ್ಲೂ ಹಾಗೆಯೇ. ಐರಿಷ್, ಸ್ಕಾಟ್ಲೆಂಡಿನ ಗೇಲಿಕ್, ಮ್ಯಾಂಕ್ಸ್ ಒಂದು ಕವಲು. ವೆಲ್ಷ್, ಕಾರ್ನಿಷ್, ಬ್ರೆಟನ್ ಇನ್ನೊಂದು. ಡಿಲನ್, ರೀಸ್, ಓವೆನ್ ಎಲ್ಲ ವೆಲ್ಷ್ ಕಡೆಯವು. ಚೆಂದದ ಹೆಸರುಗಳೇ, ಆದರೆ ನಿಮಗೆ ಬೇಕಿರುವುದು ಐರ್ಲೆಂಡಿನದು. ಹಾಗಾಗಿ ಐರಿಷ್‌ನಲ್ಲೇ ನಿಲ್ಲುತ್ತೇನೆ.

ನೀವು ಬರೆದಿರುವ ಎರಡು ಹೆಸರುಗಳು ಲಿಯಮ್ ಮತ್ತು ಶಾನ್. ಎರಡೂ ಈಗ ಅಪ್ಪಟ ಐರಿಷ್ ಹೆಸರುಗಳು, ಅನುಮಾನವೇ ಬೇಡ. ಆದರೆ ಬೇರು ಬೇರೆ ಕಡೆಯದು. 1169ರಲ್ಲಿ ಫ್ರೆಂಚ್ ಮಾತಾಡುವ ನಾರ್ಮನ್ನರು ಐರ್ಲೆಂಡಿಗೆ ಬಂದಿಳಿದರು. ಅವರ ಜೊತೆ ಬಂದ ವಿಲಿಯಂ ಎಂಬ ಜರ್ಮಾನಿಕ್ ಮೂಲದ ಹೆಸರು ಐರಿಷ್ ಬಾಯಲ್ಲಿ ಬದಲಾಗಿ, ಅದರ ಕೊನೆಯ ತುಂಡು ಲಿಯಮ್ ಆಯಿತು. ಶಾನ್ ಬಂದಿದ್ದು ಜಾನ್ ಹೆಸರಿನ ಫ್ರೆಂಚ್ ರೂಪದಿಂದ, ಅದರ ಮೂಲ ಹೀಬ್ರೂ. ಅಮೆರಿಕದಲ್ಲಿ 2017ರಿಂದ 2024ರ ತನಕ ವರ್ಷ ವರ್ಷವೂ ಗಂಡು ಮಕ್ಕಳಿಗೆ ಲಿಯಮ್ ಹೆಸರೇ ಎಲ್ಲಕ್ಕಿಂತ ಜಾಸ್ತಿ ಇಟ್ಟಿದ್ದಾರೆ. ಅಷ್ಟು ಸಾಮಾನ್ಯವಾದದ್ದು ಬೇಕೋ ಬೇಡವೋ ನೀವೇ ನೋಡಿ.

ಹಳೆಯ ಐರಿಷ್ ಹೆಸರುಗಳ ಒಳಗೆ ಹೋದರೆ ಸಿಗುವುದು ಯೋಧರಿಗಿಂತ ಹೆಚ್ಚಾಗಿ ಪ್ರಾಣಿಗಳು, ಬಣ್ಣಗಳು, ಬೆಂಕಿ. ನನಗೆ ಹಿಡಿಸಿದ್ದು ಇದೇ. ಜೊತೆಗೆ ಹೆಸರಿನ ಕೊನೆಗೆ ‘ಆನ್’ ಅಥವಾ ‘ಈನ್’ ಸೇರಿಸಿ ಮುದ್ದು ಮಾಡುತ್ತಾರೆ, ನಾವು ಮೊದಲಿಗೆ ‘ಪುಟ್ಟ’ ಸೇರಿಸುವ ಹಾಗೆ. ಐರಿಷ್‌ನಲ್ಲಿ ‘ರೀ’ ಎಂದರೆ ರಾಜ. ನಮ್ಮ ‘ರಾಜ’ ಪದ ಬಂದ ಸಂಸ್ಕೃತದ ಬೇರಿಗೂ ಈ ‘ರೀ’ಗೂ ಮೂಲ ಒಂದೇ. ಈಗ ಇಲ್ಲಿ ತುಂಬಾ ಓಡುತ್ತಿರುವ ರೀಅನ್ ಎಂಬ ಹೆಸರಿಗೆ ಜನ ಸಾಮಾನ್ಯವಾಗಿ ಹೇಳುವ ಅರ್ಥ ‘ಪುಟ್ಟ ರಾಜ’. ಅಂದರೆ ನಮ್ಮ ಪುಟ್ಟರಾಜು!

‘ಓಸ್’ ಎಂದರೆ ಜಿಂಕೆ. ಪುಟ್ಟ ಜಿಂಕೆ ಒಶೀನ್. ಕೆಲವು ಕಡೆ ಉಶೀನ್ ಎಂದೂ ಕರೆಯುತ್ತಾರೆ. ಇವನ ಕಥೆ ಕೇಳಿ. ತಂದೆ ಫಿನ್ ಮಕೂಲ್, ಫಿಯಾನಾ ಎಂಬ ಬೇಟೆಗಾರ ವೀರರ ನಾಯಕ. ತಾಯಿ ಸೈವ್. ಮಂತ್ರವಾದಿಯೊಬ್ಬ ಅವಳನ್ನು ಹೆಣ್ಣು ಜಿಂಕೆ ಮಾಡಿಬಿಟ್ಟಿರುತ್ತಾನೆ. ಫಿನ್ ಅವಳಿಗಾಗಿ ವರ್ಷಗಟ್ಟಲೆ ಕಾಡೆಲ್ಲ ಹುಡುಕುತ್ತಾನೆ. ಕೊನೆಗೆ ಸ್ಲೈಗೋ ಕಡೆಯ ಬೆನ್‌ಬುಲ್ಬೆನ್ ಬೆಟ್ಟದಲ್ಲಿ ಒಂದು ಹುಡುಗ ಒಬ್ಬನೇ ಸಿಗುತ್ತಾನೆ. ಅವನೇ ಒಶೀನ್. ಜಿಂಕೆಯ ಹೊಟ್ಟೆಯಲ್ಲಿ ಹುಟ್ಟಿದ ಋಷ್ಯಶೃಂಗನ ಕಥೆ ಕೇಳಿ ಬೆಳೆದ ನಮಗೆ ಇದು ಹೊಸದು ಅನ್ನಿಸುವುದೇ ಇಲ್ಲ. ಮುಂದೆ ಒಶೀನ್ ದೊಡ್ಡ ಕವಿಯಾಗುತ್ತಾನೆ. ನೀವ್ ಎಂಬುವಳ ಜೊತೆ ಬಿಳಿ ಕುದುರೆ ಹತ್ತಿ, ಮುಪ್ಪೇ ಇಲ್ಲದ ನಾಡಿಗೆ ಹೋಗುತ್ತಾನೆ. ಅಲ್ಲಿ ಮೂರು ವರ್ಷ ಕಳೆದೆ ಅಂದುಕೊಂಡು ವಾಪಸ್ ಬಂದರೆ ಇಲ್ಲಿ ಮುನ್ನೂರು ವರ್ಷ ಆಗಿರುತ್ತದೆ. ನೆಲಕ್ಕೆ ಕಾಲು ತಾಗಿಸಬೇಡ ಅಂತ ಅವಳು ಹೇಳಿಯೇ ಕಳಿಸಿರುತ್ತಾಳೆ. ಆದರೆ ಕುದುರೆಯಿಂದ ಬಿದ್ದುಬಿಡುತ್ತಾನೆ. ಬಿದ್ದ ಕ್ಷಣವೇ ಹಣ್ಣು ಹಣ್ಣು ಮುದುಕ. ದೇಶ ಬಿಟ್ಟು ಬಂದ ನಮ್ಮಂಥವರಿಗೆ ಈ ಕಥೆ ಬೇರೆಯೇ ರೀತಿಯಲ್ಲಿ ನಾಟುತ್ತದೆ. ಒಶೀನನ ಮಗನ ಹೆಸರು ಆಸ್ಕರ್. ಹೌದು, ಆಸ್ಕರ್ ಕೂಡ ಇಲ್ಲಿಯದೇ. 18ನೇ ಶತಮಾನದಲ್ಲಿ ಒಶೀನನ ಹೆಸರಿನಲ್ಲಿ ಬಂದ ಕಾವ್ಯಗಳು ನೆಪೋಲಿಯನ್‌ಗೆ ಬಹಳ ಇಷ್ಟ. ಅವನು ಧರ್ಮಪಿತನಾಗಿದ್ದ ಮಗುವಿಗೆ ಆಸ್ಕರ್ ಎಂಬ ಹೆಸರು ಬಂತು. ಆ ಮಗು ಮುಂದೆ ಸ್ವೀಡನ್ನಿನ ರಾಜನಾಯಿತು.

ಕಾನರ್ ಹೆಸರಿಗೆ ಹೇಳುವ ಅರ್ಥ ‘ಬೇಟೆನಾಯಿಗಳನ್ನು ಪ್ರೀತಿಸುವವನು’. ‘ಅಯ್ಯೋ, ನಾಯಿಯಾ?’ ಎಂದು ಮನೆಯಲ್ಲಿ ಕೇಳಿಯಾರು. ಇಲ್ಲಿ ಬೇಟೆನಾಯಿ ಎಂದರೆ ಮರ್ಯಾದೆಯ ಮಾತು. ಐರಿಷ್ ಪುರಾಣದ ಮಹಾವೀರನ ಹೆಸರೇ ಕೂ ಕುಲಿನ್, ಕುಲನ್‌ನ ನಾಯಿ. ಹುಡುಗನಾಗಿದ್ದಾಗ ಅವನು ಸೆಟಾಂಟ. ಕಮ್ಮಾರ ಕುಲನ್‌ನ ಮನೆಯ ಔತಣಕ್ಕೆ ತಡವಾಗಿ ಹೋಗುತ್ತಾನೆ, ಕಾವಲು ನಾಯಿ ಮೈಮೇಲೆ ಬೀಳುತ್ತದೆ, ಅವನು ಅದನ್ನು ಕೊಲ್ಲುತ್ತಾನೆ. ಕಮ್ಮಾರನ ಸಂಕಟ ನೋಡಲಾರದೆ, ‘ಇದರ ಮರಿಯೊಂದು ಬೆಳೆಯುವ ತನಕ ನಾನೇ ನಿನ್ನ ಮನೆ ಕಾಯುತ್ತೇನೆ’ ಅನ್ನುತ್ತಾನೆ. ಆ ಮಾತಿನಿಂದ ಬಂದ ಹೆಸರು ಅದು. ನಮ್ಮಲ್ಲೂ 10ನೇ ಶತಮಾನದ ಆತಕೂರು ಶಾಸನದಲ್ಲಿ ಹಂದಿಯ ಜೊತೆ ಕಾದಾಡಿ ಸತ್ತ ಕಾಳಿ ಎಂಬ ನಾಯಿಗೆ ಕಲ್ಲು ನಿಲ್ಲಿಸಿದ್ದಾರೆ. ಹಿರಿಯರು ಮುಖ ಸಿಂಡರಿಸಿದರೆ ಇದನ್ನು ನೆನಪಿಸಿ.

‘ರೋನ್’ ಎಂದರೆ ಸೀಲ್, ಕಡಲುನಾಯಿ. ರೋನಾನ್ ಪುಟ್ಟ ಸೀಲ್. ನೀವಿರುವ ಊರಿನಿಂದ ಡಾರ್ಟ್ ರೈಲು ಹತ್ತಿ ಹೌತ್‌ಗೆ ಹೋಗಿ, ಬಂದರಿನ ಕಟ್ಟೆಯ ಮೇಲೆ ನಿಂತರೆ ನೀರಿನಿಂದ ದುಂಡು ತಲೆ ಎತ್ತಿ ನೋಡುವ ಸೀಲುಗಳು ಕಾಣುತ್ತವೆ. ದೊಡ್ಡ ಕಪ್ಪು ಕಣ್ಣು, ಥೇಟ್ ಕೂಸಿನ ಮುಖ. ಪಶ್ಚಿಮ ಕರಾವಳಿಯ ಕಥೆಗಳಲ್ಲಿ ಸೀಲುಗಳು ಚರ್ಮ ಕಳಚಿಟ್ಟು ಹೆಣ್ಣಾಗಿ ದಡಕ್ಕೆ ಬರುತ್ತವೆ.

ಏಡನ್ ಹೆಸರಿನ ಮೂಲ ರೂಪದಲ್ಲಿರುವುದು ಬೆಂಕಿ. 635ರಲ್ಲಿ ಸ್ಕಾಟ್ಲೆಂಡಿನ ಅಯೋನಾ ದ್ವೀಪದಿಂದ ಹೊರಟು ಇಂಗ್ಲೆಂಡಿನ ಲಿಂಡಿಸ್‌ಫಾರ್ನ್‌ನಲ್ಲಿ ಮಠ ಕಟ್ಟಿದ ಸಂತನ ಹೆಸರು ಇದು. ಕಿಯರಾನ್ ಎಂದರೆ ‘ಕಪ್ಪು ಹುಡುಗ’. ನಮ್ಮ ಕಿರಣ್ ತರಹ ಕೇಳಿಸುತ್ತದೆ, ಅರ್ಥ ಮಾತ್ರ ಕೃಷ್ಣನಿಗೆ ಹತ್ತಿರ. ಡೋನಲ್ ಎಂದರೆ ಜಗದೊಡೆಯ. ಟೈಗ್ ಎಂದರೆ ಕವಿ. ಕರೆಯಲು ಸುಲಭ, ಆದರೆ ಬರೆಯುವುದು ಟಿ, ಎ, ಡಿ, ಎಚ್, ಜಿ. ಭಾರತದ ಯಾವ ಕಚೇರಿಯಲ್ಲೂ ಅದನ್ನು ಸರಿಯಾಗಿ ಓದಲಾರರು, ಪಾಪ ಹುಡುಗ ಜೀವನಪೂರ್ತಿ ತಿದ್ದುತ್ತಲೇ ಇರಬೇಕು.

ಕೆವಿನ್ ಕೂಡ ಪಕ್ಕಾ ಐರಿಷ್. ‘ಮುದ್ದಾಗಿ ಹುಟ್ಟಿದವನು’ ಎಂಬ ಹಾಗೆ ಅರ್ಥ. ವಿಕ್ಲೋ ಬೆಟ್ಟಗಳ ನಡುವಿನ ಗ್ಲೆಂಡಲಾಕ್‌ನಲ್ಲಿ ಮಠ ಕಟ್ಟಿದ ಸಂತ ಕೆವಿನ್ ಕೈ ಚಾಚಿ ಪ್ರಾರ್ಥನೆ ಮಾಡುತ್ತಿದ್ದಾಗ ಕರಿಯ ಹಕ್ಕಿಯೊಂದು ಅಂಗೈಯಲ್ಲೇ ಮೊಟ್ಟೆ ಇಟ್ಟಿತಂತೆ. ಮರಿ ಆಗಿ ಹಾರಿಹೋಗುವ ತನಕ ಅವನು ಕೈ ಕದಲಿಸಲಿಲ್ಲವಂತೆ. ಈಗಿನ ಮಕ್ಕಳಿಗೆ ಈ ಹೆಸರು ಇಡುವುದು ಕಡಿಮೆ, ಅಪ್ಪಂದಿರ ವಯಸ್ಸಿನವರಲ್ಲಿ ಜಾಸ್ತಿ.

ಬರವಣಿಗೆಯ ವಿಷಯದಲ್ಲಿ ಎರಡು ಮಾತು. ಐರಿಷ್‌ನಲ್ಲಿ ಸಿ ಅಕ್ಷರ ಯಾವಾಗಲೂ ‘ಕ’. ಆಸ್ಕರ್ ಪ್ರಶಸ್ತಿ ಗೆದ್ದ ನಟ ಮರ್ಫಿಯವರ ಹೆಸರು ಕಿಲಿಯನ್, ಸಿಲಿಯನ್ ಅಲ್ಲ. ಇನ್ನು ಸ್ವರದ ಮೇಲೆ ಎಳೆಯುವ ಸಣ್ಣ ಓರೆ ಗೆರೆಗೆ ‘ಫಾದಾ’ ಎನ್ನುತ್ತಾರೆ. ಅದು ಸುಮ್ನೆ ಅಲಂಕಾರ ಅಲ್ಲ. ಶಾನ್ ಹೆಸರಿನಿಂದ ಫಾದಾ ತೆಗೆದರೆ ಉಳಿಯುವುದು ‘ಮುದುಕ, ಹಳೆಯ’ ಎಂಬ ಅರ್ಥದ ಇನ್ನೊಂದು ಪದ.

ನಿಮ್ಮ ಜಾಗದಲ್ಲಿ ನಾನಿದ್ದರೆ ಕೀಅನ್ ಇಡುತ್ತಿದ್ದೆ. ಅರ್ಥ ‘ದೀರ್ಘ, ಬಹುಕಾಲದ’. ಚಿರಂಜೀವಿಯಾಗು ಎಂದು ಹರಸಿದ ಹಾಗೆ. ಪುರಾಣದಲ್ಲಿ ಅವನು ಲೂ ದೇವತೆಯ ತಂದೆ. ಐರಿಷ್‌ನಲ್ಲಿ ಆಗಸ್ಟ್ ತಿಂಗಳಿಗೆ ಲೂನಸ ಎಂಬ ಹೆಸರು ಬಂದಿದ್ದು ಆ ಲೂನಿಂದಲೇ. ಬರೆಯಲು ನಾಲ್ಕೇ ಅಕ್ಷರ, ಫಾದಾ ಇಲ್ಲ, ಹಾಗಾಗಿ ಪಾಸ್‌ಪೋರ್ಟಿನಲ್ಲೂ ತೊಂದರೆ ಇಲ್ಲ. ‘ಕೀಅನ್, ಬಾರೋ’ ಅಂತ ಅಜ್ಜಿ ಆರಾಮಾಗಿ ಕರೆಯಬಹುದು. ಅದು ಬೇಡ ಎಂದರೆ ರೋನಾನ್.

ಜನನ ನೋಂದಣಿಗೆ ಇಲ್ಲಿ ಮೂರು ತಿಂಗಳ ಗಡುವಿದೆ, ಅವಸರ ಬೇಡ. ಅಷ್ಟರೊಳಗೆ ಐರಿಷ್ ಮಾತಾಡುವ ಯಾರಿಂದಲಾದರೂ ಹೆಸರನ್ನು ಜೋರಾಗಿ ಹೇಳಿಸಿ ಕೇಳಿ. ನಿಮ್ಮ ಮನೆತನದ ಹೆಸರನ್ನೂ ಜೊತೆಗೆ ಸೇರಿಸಿ ಹೇಳಿಸಿ. ಯಾವುದನ್ನು ಇಟ್ಟಿರಿ ಅಂತ ಇಲ್ಲೇ ಒಂದು ಸಾಲು ಬರೆಯಿರಿ, ಕಾಯುತ್ತಿರುತ್ತೇನೆ.