ಸ್ಟಾಕ್‌ಹೋಮ್ ಪೊಲೀಸ್ ಅಧಿಕಾರಿ ಮಾರ್ಟಿನ್ ಬೆಕ್‌ನ ಪತ್ತೇದಾರಿ ಕಾದಂಬರಿ ಸರಣೀನ ಮೊದಲ್ನೇ ಪುಸ್ತಕದಿಂದಲೇ ಓದ್ಬೇಕಾ, ಇಲ್ಲ ಫೇಮಸ್ ಆಗಿರೋ ನಾಲ್ಕನೇದ್ರಿಂದ ಶುರು ಮಾಡಿದ್ರೂ ನಡೆಯತ್ತಾ?

ಕಥೆ ಅರ್ಥ ಆಗತ್ತಾ ಅಂತ ಕೇಳ್ತಿದ್ರೆ ಆಗತ್ತೆ, ಪ್ರತಿ ಪುಸ್ತಕದಲ್ಲೂ ಒಂದು ಕೇಸು ಶುರುವಾಗಿ ಅಲ್ಲೇ ಮುಗಿಯತ್ತೆ. ಆದ್ರೂ ದಯವಿಟ್ಟು ಮೊದಲ್ನೇದು, ಅಂದ್ರೆ 'ರೋಸಾನಾ' ಇಂದಲೇ ಶುರು ಮಾಡಿ. ನಾನು ಇಂಗ್ಲಿಷ್ ಅನುವಾದದಲ್ಲಿ ಸಾಲಾಗಿ ಓದಿದ್ದು, ಹಾಗೆ ಓದಿದ್ದಕ್ಕೇ ನಾಲ್ಕನೇದು ನನಗೆ ಅಷ್ಟು ತಾಗಿದ್ದು.

ಆ ನಾಲ್ಕನೇದು 'ದ ಲಾಫಿಂಗ್ ಪೊಲೀಸ್‌ಮನ್', 1968ರದ್ದು, 1971ರಲ್ಲಿ ಪತ್ತೇದಾರಿ ಕಾದಂಬರಿಗಳಿಗೆ ಅಮೆರಿಕದಲ್ಲಿ ಕೊಡೋ ಎಡ್ಗರ್ ಪ್ರಶಸ್ತಿ ಬಂತು, ಹಾಗಾಗಿ ಎಲ್ರೂ ಅದರ ಹೆಸರೇ ಹೇಳ್ತಾರೆ. ಸ್ಟಾಕ್‌ಹೋಮ್‌ನಲ್ಲಿ ಒಂದು ಮಳೆ ರಾತ್ರಿ ಡಬಲ್ ಡೆಕ್ಕರ್ ಬಸ್ಸಲ್ಲಿದ್ದೋರ ಮೇಲೆ ಯಾರೋ ಗುಂಡಿನ ಮಳೆ ಸುರಿಸಿರ್ತಾರೆ, ಸತ್ತೋರಲ್ಲಿ ಬೆಕ್ ತಂಡದ ಹುಡುಗ ಸ್ಟೆನ್‌ಸ್ಟ್ರೋಮ್ ಕೂಡ ಇರ್ತಾನೆ (ಇದು ಶುರುವಲ್ಲೇ ಗೊತ್ತಾಗೋ ವಿಷಯ, ಸ್ಪಾಯ್ಲರ್ ಅಲ್ಲ). ನನ್ನ ಫ್ರೆಂಡ್ ಒಬ್ಳು ಇದನ್ನೇ ಮೊದಲು ಓದಿದ್ಲು, ಅವಳಿಗೆ ಅವನು ಲಿಸ್ಟಲ್ಲಿ ಇನ್ನೊಂದು ಹೆಸರು ಅಷ್ಟೇ. ನನಗೆ ಹಾಗಾಗ್ಲಿಲ್ಲ. 'ರೋಸಾನಾ'ದಲ್ಲಿ ಶಂಕಿತನ ಹಿಂದೆ ಬಿದ್ದು ಅವನು ಎಲ್ಲಿ ಹೋಗ್ತಾನೆ ಏನ್ ಮಾಡ್ತಾನೆ ಅಂತ ನೋಡ್ಕೊಂಡಿದ್ದ ಹುಡುಗ ಅವನು, ನನಗೆ ಗೊತ್ತಿದ್ದೋನು ಸತ್ತ ಹಾಗಾಯ್ತು, ಪುಸ್ತಕ ಮುಚ್ಚಿಟ್ಟು ಸುಮ್ನೆ ಕೂತಿದ್ದೆ.

ಇನ್ನು 'ರೋಸಾನಾ' ಬಗ್ಗೆ. 1965ರ ಕಾದಂಬರಿ. ಸ್ವೀಡನ್ನಿನ ಮೋಟಾಲಾ ಅನ್ನೋ ಊರ ಹತ್ರ ಕಾಲುವೆ ಹೂಳು ತೆಗೆಯುವಾಗ ಒಬ್ಬ ಹೆಂಗಸಿನ ಹೆಣ ಸಿಗತ್ತೆ, ಮೈಮೇಲೆ ಬಟ್ಟೆ ಇಲ್ಲ, ಯಾರು ಅಂತ ಯಾರಿಗೂ ಗೊತ್ತಿಲ್ಲ, ಕಾಣೆಯಾಗಿದ್ದಾಳೆ ಅಂತ ಕಂಪ್ಲೇಂಟ್ ಕೂಡ ಇಲ್ಲ. ಆಮೇಲೆ ಏನಾಗತ್ತೆ? ತುಂಬಾ ದಿನ ಏನೂ ಆಗಲ್ಲ! ಅದೇ ಈ ಪುಸ್ತಕದ ತಾಕತ್ತು ಅಂತೀನಿ ನಾನು. ವಾರಗಳು ಹೋಗ್ತವೆ, ಬೆಕ್‌ಗೆ ನೆಗಡಿ, ಹೊಟ್ಟೆನೋವು, ಮನೇಲಿ ಹೆಂಡತಿ ಜೊತೆ ಮಾತೇ ಕಮ್ಮಿ. ಕೊನೆಗೆ ಅಮೆರಿಕದ ನೆಬ್ರಾಸ್ಕಾದ ಲಿಂಕನ್ ಇಂದ ಅವಳ ಹೆಸರು ತಿಳಿಯತ್ತೆ, ಆಮೇಲೆ ಕಾಲುವೆಯಲ್ಲಿ ಅವಳು ಹೋಗ್ತಿದ್ದ ಪ್ರವಾಸಿ ಹಡಗು ಯಾವ್ದು ಅಂತ ಗೊತ್ತಾಗತ್ತೆ, ಆ ಹಡಗಲ್ಲಿದ್ದ ಪ್ರಯಾಣಿಕರು ಬೇರೆ ಬೇರೆ ದೇಶಕ್ಕೆ ವಾಪಸ್ ಹೋಗ್ಬಿಟ್ಟಿರ್ತಾರೆ, ಅವರು ತೆಗೆದ ಫೋಟೋ, ಫಿಲ್ಮ್ ಎಲ್ಲಾ ತರಿಸ್ಕೊಂಡು ಒಂದೊಂದಾಗಿ ನೋಡ್ತಾ ಕೂರ್ತಾರೆ. ಆ ಫಿಲ್ಮಲ್ಲಿ ಅವಳು ಓಡಾಡೋದು ಕಾಣೋವಾಗ ನನ್ನ ಎದೆ ಹೊಡ್ಕೊಳ್ತಿತ್ತು, ಯಾವ ಚೇಸಿಂಗ್ ಸೀನಲ್ಲೂ ನನಗೆ ಹಾಗಾಗಿಲ್ಲ. ಪೊಲೀಸರ ಜೊತೆ ನಾವೂ ಅಷ್ಟು ದಿನ ಕಾದಿರ್ತೀವಲ್ಲ, ಅದಕ್ಕೆ.

ಬರೆದಿರೋದು ಮಾಯ್ ಶೋವಾಲ್ ಮತ್ತೆ ಪೆರ್ ವಾಲೋ ಅನ್ನೋ ಜೋಡಿ, ಮಕ್ಕಳು ಮಲಗಿದ್ಮೇಲೆ ರಾತ್ರಿ ಕೂತು ಒಬ್ಬೊಬ್ರು ಒಂದೊಂದು ಅಧ್ಯಾಯ ಅಂತ ಬರೀತಿದ್ರಂತೆ. ಶುರುವಲ್ಲೇ ಹತ್ತು ಪುಸ್ತಕ ಅಂತ ಪ್ಲ್ಯಾನ್ ಮಾಡಿ 1975ಕ್ಕೆ ಹತ್ತನೇದು ಮುಗಿಸಿದ್ರು, ವಾಲೋ ಅದೇ ವರ್ಷ ತೀರಿಕೊಂಡ್ರು. ಅವರ ಲೆಕ್ಕದಲ್ಲಿ ಹತ್ತೂ ಸೇರಿ ಒಂದೇ ಕಾದಂಬರಿ, ಬೆಕ್‌ನ ಸಂಸಾರ ಮುರಿಯೋದು, ಅವನ ಸ್ನೇಹಿತ ಕೋಲ್‌ಬರಿಗೆ ಪೊಲೀಸ್ ಕೆಲಸವೇ ಬೇಜಾರಾಗ್ತಾ ಹೋಗೋದು, ದೇಶದ ಮೇಲೆ ಲೇಖಕರ ಸಿಟ್ಟು ಏರ್ತಾ ಹೋಗೋದು ಎಲ್ಲಾ ಸ್ವಲ್ಪ ಸ್ವಲ್ಪವಾಗಿ ಆಗತ್ತೆ, ಮಧ್ಯದಲ್ಲಿ ಹೊಕ್ರೆ ಅದು ಕೈಗೆ ಸಿಗಲ್ಲ. ಕೊನೆ ಪುಸ್ತಕಗಳಲ್ಲಿ ಆ ಸಿಟ್ಟು ಭಾಷಣದ ಥರ ಆಗತ್ತೆ, ಅದು ನನಗೆ ಅಷ್ಟು ಹಿಡಿಸ್ಲಿಲ್ಲ.

ಎರಡನೇದು ಬುಡಾಪೆಸ್ಟಲ್ಲಿ ನಡೆಯತ್ತೆ, ಸ್ವಲ್ಪ ತೆಳು ಅನ್ಸತ್ತೆ, ಆದ್ರೂ ಬಿಡ್ಬೇಡಿ, ಯಾಕಂದ್ರೆ ಮೊದಲೆರಡು ಪುಸ್ತಕದ ಅಪರಾಧಿಗಳು ಒಂಬತ್ತನೇದ್ರಲ್ಲಿ ಮತ್ತೆ ಬರ್ತಾರೆ. ಹಾಗಾಗಿ ಒಂದು ರಿಕ್ವೆಸ್ಟ್, 'ರೋಸಾನಾ' ಮುಗಿಸೋ ತನಕ ಒಂಬತ್ತನೇದರ ಹಿಂದಿನ ರಟ್ಟಿನ ಮೇಲಿರೋದನ್ನ ಓದೋಕೆ ಹೋಗ್ಬೇಡಿ.